ಕ್ಲಚ್ ಬಿಸಿಯಾಗುತ್ತಿದೆಯಾ? ಮೊದಲು ಬೆಲ್ಟ್ ಜಾರುತ್ತಿದೆಯೇ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇದ್ದವು. ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಕ್ಲಚ್ ಬಿಸಿಯಾಗುತ್ತದೆ, ಬೆಲ್ಟ್ ಸುಟ್ಟು ಹೋಗುತ್ತದೆ, ಮನೆಯಲ್ಲೇ ಏನಾದರೂ ಮಾಡಿ ತಂಪು ಮಾಡಬಹುದಾ ಅಂತ. ಮಾಡಬಹುದು. ಕೆಲವನ್ನು ಮಾಡಲೇಬಾರದು, ಅದನ್ನೂ ಹೇಳುತ್ತೇನೆ. ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಪೂರ್ತಿ ನೋಡೋಣ.

ಪ್ರಶ್ನೆ: ಸರ್, ಹೊರಗೆ ಮೈನಸ್ 20 ಡಿಗ್ರಿ ಇರುತ್ತದೆ. ಆದರೂ ಅರ್ಧ ಗಂಟೆ ದಪ್ಪ ಹಿಮದಲ್ಲಿ ಓಡಿಸಿ ಸೈಡ್ ಪ್ಯಾನೆಲ್ ತೆಗೆದರೆ ಕ್ಲಚ್ ಮುಟ್ಟೋಕೆ ಆಗಲ್ಲ. ಈ ಚಳಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರುತ್ತದೆ?

ಹೊರಗಿನ ಚಳಿ ಕ್ಲಚ್‌ವರೆಗೆ ಬಂದರೆ ತಾನೆ ತಂಪಾಗೋದು? ಅದು ಬರುವುದೇ ಇಲ್ಲ, ತೊಂದರೆ ಇರುವುದೇ ಅಲ್ಲಿ.

ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಇರುವ ಏರ್ಪಾಡೇ ಇಲ್ಲೂ ಇರುವುದು. ಎಂಜಿನ್ ಕಡೆ ಒಂದು ಪುಲ್ಲಿ, ಅದು ಪ್ರೈಮರಿ. ಟ್ರ್ಯಾಕ್ (ಗಾಡಿಯನ್ನು ಹಿಮದ ಮೇಲೆ ತಳ್ಳುವ ಅಗಲದ ಪಟ್ಟಿ) ಕಡೆ ಇನ್ನೊಂದು, ಅದು ಸೆಕೆಂಡರಿ. ಈ ಎರಡು ಪುಲ್ಲಿಗಳನ್ನೇ ಕ್ಲಚ್ ಅನ್ನುವುದು. ನಡುವೆ ದಪ್ಪ ರಬ್ಬರ್ ಬೆಲ್ಟ್. ಎಂಜಿನ್ ವೇಗ ಏರಿದಂತೆ ಪ್ರೈಮರಿಯೊಳಗಿನ ವೇಟ್‌ಗಳು ಹೊರಕ್ಕೆ ಚಿಮ್ಮಿ ಅದರ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ಬೆಲ್ಟ್ ಅಲ್ಲಿ ಮೇಲೇರುತ್ತದೆ, ಸೆಕೆಂಡರಿಯಲ್ಲಿ ಒಳಕ್ಕೆ ಇಳಿಯುತ್ತದೆ. ಬೆಲ್ಟ್‌ಗೆ ಹಲ್ಲಿನ ಹಿಡಿತ ಇಲ್ಲ, ಚೈನ್ ತರ ಕೊಂಡಿಯೂ ಇಲ್ಲ. ಎರಡು ಬದಿಯಿಂದ ಅಮುಕಿ ಹಿಡಿದ ಬಲವೇ ಅದರ ಆಧಾರ. ಆ ಬಲ ಚೂರು ಕಡಿಮೆಯಾದರೂ ಬೆಲ್ಟ್ ಜಾರುತ್ತದೆ, ಜಾರಿದ್ದು ಪೂರ್ತಿ ಶಾಖವಾಗುತ್ತದೆ.

ಎಷ್ಟು ಶಾಖ ಅಂತ ಒಂದು ಲೆಕ್ಕ ಹಾಕಿ ನೋಡಿ. 150 ಹಾರ್ಸ್ ಪವರ್ ಎಂಜಿನ್ ಅಂದರೆ ಸುಮಾರು 112 ಕಿಲೋವ್ಯಾಟ್. ಪೂರ್ತಿ ಥ್ರಾಟಲ್ ಕೊಟ್ಟಾಗ ಅದರಲ್ಲಿ ಹತ್ತನೇ ಒಂದು ಪಾಲು ಬೆಲ್ಟ್‌ನಲ್ಲೇ ಕಳೆದುಹೋಯಿತು ಅಂದುಕೊಳ್ಳಿ. 11 ಕಿಲೋವ್ಯಾಟ್ ಆಯಿತು. ಎರಡು ಕಿಲೋವ್ಯಾಟ್‌ನ ರೂಮ್ ಹೀಟರ್‌ಗಳನ್ನು ಐದಾರು ತಂದು ಆ ಚಿಕ್ಕ ಜಾಗದಲ್ಲಿ ಹಚ್ಚಿಟ್ಟಂತೆ. ಪ್ರೈಮರಿಯ ಮೇಲೆ ಫ್ಯಾನ್ ರೆಕ್ಕೆಯಂಥ ಏಣುಗಳು ಇರುತ್ತವೆ, ಅವು ಗಾಳಿ ಬೀಸುತ್ತವೆ ನಿಜ, ಆದರೆ ಪ್ಯಾನೆಲ್ ಮುಚ್ಚಿದ್ದರೆ ಬೀಸಿದ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಂಡು ಬೀಸುತ್ತಿರುತ್ತವೆ. ಸ್ಕೂಟರ್‌ನಲ್ಲಿ ಬೆಲ್ಟ್ ಕೇಸ್‌ಗೆ ಗಾಳಿ ಒಳಬರಲು, ಹೊರಹೋಗಲು ಅದರದ್ದೇ ದಾರಿ ಕೊಟ್ಟಿರುತ್ತಾರೆ. ಸ್ನೋಮೊಬೈಲ್‌ನಲ್ಲಿ ಹಿಮ ಒಳಗೆ ಬರಬಾರದು ಅಂತ ಸುತ್ತಲೂ ಬಿಗಿಯಾಗಿ ಮುಚ್ಚಿರುತ್ತಾರೆ. ಸಾಲದ್ದಕ್ಕೆ ಅದೇ ಗೂಡಿನಲ್ಲಿ ಎಂಜಿನ್ನು, ಸೈಲೆನ್ಸರ್ ಪೈಪು ಎಲ್ಲ ಇರುತ್ತವೆ.

ದಪ್ಪ ಹಿಮದಲ್ಲೇ ಜಾಸ್ತಿ ಬಿಸಿಯಾಗಲು ಇನ್ನೊಂದು ಕಾರಣ ಇದೆ. ಅಲ್ಲಿ ಗಾಡಿ ನಿಧಾನ, ಎಂಜಿನ್ ಮಾತ್ರ ಪೂರ್ತಿ ಜೋರು. ಬೆಲ್ಟ್ ಪ್ರೈಮರಿಯ ಬುಡದಲ್ಲೇ ಉಳಿದಿರುತ್ತದೆ. ಬುಡದಲ್ಲಿ ಸುತ್ತಳತೆ ಚಿಕ್ಕದು, ಹಿಡಿದುಕೊಳ್ಳಲು ಜಾಗ ಕಡಿಮೆ, ಎಳೆತ ಜಾಸ್ತಿ. ಜಾರುವುದು ಸಹಜ ಅಲ್ವಾ?

ಪ್ರಶ್ನೆ: ಎಷ್ಟು ಬಿಸಿಯಾದರೆ ಚಿಂತೆ ಮಾಡಬೇಕು? ನನ್ನ ಹತ್ತಿರ ಗನ್ ತರದ ಥರ್ಮಾಮೀಟರ್ ಇದೆ, ಅದು ಕ್ಲಚ್ ಮೇಲೆ ಹಿಡಿದರೆ ತೀರಾ ಕಡಿಮೆ ತೋರಿಸುತ್ತದೆ.

ಥರ್ಮಾಮೀಟರ್ ಕೆಟ್ಟಿಲ್ಲ. ಅದು ವಸ್ತುವಿನಿಂದ ಹೊರಡುವ ಶಾಖದ ಕಿರಣವನ್ನು ಅಳೆಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಆ ಕಿರಣವನ್ನು ತುಂಬಾ ಕಡಿಮೆ ಬಿಡುತ್ತದೆ, ಹಾಗಾಗಿ ಕೈ ಸುಡುವಷ್ಟು ಬಿಸಿ ಇದ್ದರೂ ತಂಪಿದೆ ಅನ್ನುತ್ತದೆ. ಎರಡು ದಾರಿ ಇವೆ. ಬೆಲ್ಟ್‌ನ ಕಪ್ಪು ರಬ್ಬರ್ ಮೇಲೆ ಅಳೆಯಿರಿ, ಅದು ಸರಿಯಾಗಿ ತೋರಿಸುತ್ತದೆ. ಇಲ್ಲವೇ ಪುಲ್ಲಿಯ ಹೊರಮೈಯಲ್ಲಿ, ಬೆಲ್ಟ್ ತಾಗದ ಕಡೆ, ಹೊಳಪಿಲ್ಲದ ಕಪ್ಪು ಮಾರ್ಕರ್‌ನಿಂದ ಒಂದು ಗುರುತು ಬಳಿದು ಅದರ ಮೇಲೆ ಹಿಡಿಯಿರಿ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ: ಬೆಲ್ಟ್ 80–85 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. 100 ಮುಟ್ಟಿದರೆ ಎಲ್ಲೋ ಜಾರುತ್ತಿದೆ ಅಂತ ತಿಳಿದು ಅವತ್ತೇ ಹುಡುಕಲು ಶುರು ಮಾಡಿ. ರಬ್ಬರ್ ವಿಷಯದಲ್ಲಿ ಒಂದು ಒರಟು ಲೆಕ್ಕ ಇದೆ, ಬಿಸಿ 10 ಡಿಗ್ರಿ ಏರಿದಷ್ಟು ಸಲ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುತ್ತಾರೆ. ಅಂದರೆ ನಿಮ್ಮ ಮನೆ ಕೆಲಸದಿಂದ ಬರೀ 10 ಡಿಗ್ರಿ ಇಳಿದರೂ ಅದು ಸಣ್ಣ ವಿಷಯ ಅಲ್ಲ.

ಅಳೆಯುವಾಗ ಎಂಜಿನ್ ಆಫ್ ಆಗಿರಬೇಕು, ಕೀ ಕೈಯಲ್ಲಿರಬೇಕು. ನಿಲ್ಲಿಸಿದ ಒಂದು ನಿಮಿಷದೊಳಗೆ ಅಳೆಯಿರಿ, ಪ್ರತಿ ಸಲ ಅದೇ ದಾರಿ, ಅದೇ ತರದ ಓಟ. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಇದನ್ನು ಮಾಡದೆ ಪ್ಯಾನೆಲ್ ಕೊರೆದವರಿಗೆ ಪ್ರಯೋಜನ ಆಯಿತೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ಗಾಡಿಯಲ್ಲಿ ಸೆಕೆಂಡರಿ ತುಂಬಾ ಬಿಸಿ, ಪ್ರೈಮರಿ ಅಷ್ಟಿಲ್ಲ. ತಮ್ಮನ ಗಾಡಿಯಲ್ಲಿ ಉಲ್ಟಾ. ಇಬ್ಬರೂ ಪ್ಯಾನೆಲ್‌ಗೆ ತೂತು ಕೊರೆಯೋಣ ಅಂತಿದ್ದೇವೆ. ಸರಿನಾ?

ಇನ್ನೂ ಕೊರೆಯಬೇಡಿ. ನೀವಿಬ್ಬರೂ ಒಳ್ಳೆಯ ಸುಳಿವು ಹಿಡಿದಿದ್ದೀರಿ, ಅದನ್ನು ಪೂರ್ತಿ ಬಳಸಿಕೊಳ್ಳಿ. ಯಾವ ಪುಲ್ಲಿ ಜಾಸ್ತಿ ಬಿಸಿಯೋ ಬೆಲ್ಟ್ ಸಾಮಾನ್ಯವಾಗಿ ಅಲ್ಲೇ ಜಾರುತ್ತಿರುತ್ತದೆ. ಜಾರುವುದನ್ನು ಬಿಟ್ಟು ಬರೀ ಗಾಳಿ ಕೊಟ್ಟರೆ ಒಲೆ ಆರಿಸದೆ ಪಾತ್ರೆಗೆ ಬೀಸಣಿಗೆ ಬೀಸಿದಂತೆ ಆಗುತ್ತದೆ.

ನಿಮ್ಮ ಸೆಕೆಂಡರಿಯಲ್ಲಿ ಮೊದಲು ಸ್ಪ್ರಿಂಗ್ ನೋಡಿ, ಹಳೆಯದಾದರೆ ಬಲ ಕಳೆದುಕೊಂಡಿರುತ್ತದೆ. ಆಮೇಲೆ ಹೀಲಿಕ್ಸ್, ಅಂದರೆ ಸೆಕೆಂಡರಿಯೊಳಗೆ ಓರೆಯಾಗಿ ಕತ್ತರಿಸಿದ ಆ ದಾರಿ. ಅದರ ಕೋನ ಜಾಸ್ತಿ ಇದ್ದಷ್ಟೂ ಗಾಡಿ ಬೇಗ ಮೇಲಿನ ಗೇರ್‌ಗೆ ಏರಿದಂತೆ ಅನಿಸುತ್ತದೆ, ಆದರೆ ಬೆಲ್ಟ್ ಅಮುಕುವ ಬಲ ಕಡಿಮೆಯಾಗುತ್ತದೆ. ಯಾರಾದರೂ ಹಿಂದೆ ವೇಗಕ್ಕೆ ಅಂತ ಅದನ್ನು ಬದಲಾಯಿಸಿದ್ದರೆ ಕಂಪನಿಯ ಅಳತೆಗೆ ವಾಪಸ್ ಹಾಕಿ. ಅದರ ರೋಲರ್ ಅಥವಾ ಪ್ಲಾಸ್ಟಿಕ್ ಬಟನ್ ಸವೆದಿದ್ದರೂ ಇದೇ ಗತಿ.

ತಮ್ಮನ ಪ್ರೈಮರಿ ಕಥೆ ಬೇರೆ. ವೇಟ್ ಕಡಿಮೆ ಇರಬಹುದು, ಒಳಗಿನ ರೋಲರ್ ಸವೆದಿರಬಹುದು, ಬೆಲ್ಟ್ ಅಗಲ ಸವೆದಿರಬಹುದು. ಹೊಸ ಬೆಲ್ಟ್‌ಗಿಂತ ಅಗಲ 3 ಮಿಲಿಮೀಟರ್ ಕಡಿಮೆಯಾಗಿದ್ದರೆ ಅದನ್ನು ಬಿಸಾಡಿ. ಬೆಲ್ಟ್ ತೀರಾ ಬಿಗಿ ಇದ್ದರೂ ತೊಂದರೆ. ಗಾಡಿ ನಿಂತಿದ್ದಾಗಲೂ ಪ್ರೈಮರಿ ಅದನ್ನು ಉಜ್ಜುತ್ತಲೇ ಇರುತ್ತದೆ, ಬೆಲ್ಟ್ ಒಂದೇ ಕಡೆ ಸೊಂಟ ಸಣ್ಣಗಾದಂತೆ ಸುಟ್ಟಿರುತ್ತದೆ. ಆ ಗುರುತು ಕಂಡರೆ ಅನುಮಾನವೇ ಬೇಡ. ತುಂಬಾ ಗಾಡಿಗಳಲ್ಲಿ ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅಮುಕಿದರೆ ಸುಮಾರು 32 ಮಿಲಿಮೀಟರ್ ತಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಇಬ್ಬರೂ ಮಾಡಬೇಕಾದ್ದು ಒಂದಿದೆ. ಎರಡು ಪುಲ್ಲಿಗಳೂ ಒಂದೇ ಸಾಲಿನಲ್ಲಿವೆಯೇ ಅಂತ ನೋಡಬೇಕು. ಇದಕ್ಕೆ ಅಂತಲೇ ಒಂದು ಉಕ್ಕಿನ ಪಟ್ಟಿ ಸಿಗುತ್ತದೆ. ಎಂಜಿನ್ ಮೌಂಟ್ ರಬ್ಬರ್ ಸತ್ತಿದ್ದರೆ ನಿಂತಾಗ ಸಾಲು ಸರಿಯಿದ್ದು, ಎಳೆತ ಬಿದ್ದಾಗ ಓರೆಯಾಗುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ಆಮೇಲೆ ಶುಚಿ ಮಾಡಿ. ಪುಲ್ಲಿಯ ಮುಖಗಳನ್ನು ನಾರಿನ ಸ್ಕ್ರಬ್‌ನಿಂದ ಉಜ್ಜಿ, ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಒರೆಸಿ. ಪ್ರೈಮರಿ ಒಳಗೆ ಸೇರಿದ ಬೆಲ್ಟ್ ಪುಡಿಯನ್ನು ಗಾಳಿಯಿಂದ ಊದಿ ತೆಗೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಕ್ಲಚ್‌ಗೆ ಎಣ್ಣೆ ಗ್ರೀಸ್ ಮುಟ್ಟಿಸಬೇಡಿ. ಇಷ್ಟಾದ ಮೇಲೂ ನೋಟ್‌ಬುಕ್‌ನ ಅಂಕಿ ಇಳಿಯದಿದ್ದರೆ ಆಗ ಡ್ರಿಲ್ ಕೈಗೆತ್ತಿಕೊಳ್ಳಿ.

ಪ್ರಶ್ನೆ: ಬೆಲ್ಟ್, ಸ್ಪ್ರಿಂಗ್, ಸಾಲು ಎಲ್ಲ ನೋಡಿ ಆಯಿತು. ಈಗ ಎಡಗಡೆ ಪ್ಯಾನೆಲ್‌ಗೆ ವೆಂಟ್ ಇಡಬೇಕು. ಎಲ್ಲಿ, ಎಷ್ಟು ದೊಡ್ಡದು, ಹಿಮ ಒಳಗೆ ಬರದಂತೆ ಏನು ಮಾಡಲಿ?

ಈ ಪ್ರಶ್ನೆಗೆ ಕಾಯುತ್ತಿದ್ದೆ. ನಾನು ಮೊದಲ ಸಲ ವೆಂಟ್ ಕೊರೆದಾಗ ಪ್ಯಾನೆಲ್‌ನ ಕೆಳಗಡೆ ದೊಡ್ಡದಾಗಿ ಒಂದೇ ತೂತು ಮಾಡಿ ತಂತಿ ಜಾಲರಿ ಹಾಕಿದ್ದೆ. ಗಟ್ಟಿ ದಾರಿಯಲ್ಲಿ ಚೆನ್ನಾಗಿಯೇ ಇತ್ತು. ಹೊಸ ಹಿಮ ಬಿದ್ದ ದಿನ ಸ್ಕಿಯಿಂದ, ಅಂದರೆ ಗಾಡಿಯ ಮುಂದೆ ಹಿಮದ ಮೇಲೆ ಜಾರುವ ಪಟ್ಟಿಯಿಂದ, ಎದ್ದ ಪುಡಿ ಹಿಮ ಹಿಟ್ಟಿನಂತೆ ಜಾಲರಿಯೊಳಗೆ ನುಗ್ಗಿ ಬಿಸಿ ಪುಲ್ಲಿ ಮೇಲೆ ಕರಗಿತು. ಬೆಲ್ಟ್ ಒದ್ದೆಯಾಗಿ ಜಾರಿತು, ಜಾರಿ ಸುಟ್ಟಿತು, ಒಂದು ಏರಿನ ನಡುವೆ ಹರಿದೇಹೋಯಿತು. ಬೆಲ್ಟ್ ತಂಪಾಗಿರಲಿ ಅಂತ ಮಾಡಿದ ಕೆಲಸವೇ ಬೆಲ್ಟ್ ತಿಂದಿತು. ನೀವು ಅದನ್ನು ಮಾಡಬೇಡಿ ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು, ಒಂದು ತೂತು ಸಾಲದು. ಒಳಗೆ ಬರಲು ಒಂದು, ಹೊರಗೆ ಹೋಗಲು ಇನ್ನೊಂದು ಬೇಕು. ಒಂದೇ ಬಾಗಿಲ ಕೋಣೆಯಲ್ಲಿ ಗಾಳಿ ಆಡುವುದಿಲ್ಲವಲ್ಲ, ಹಾಗೆ. ಪ್ರೈಮರಿಯ ಏಣುಗಳು ನಡುಭಾಗದಿಂದ ಗಾಳಿ ಎಳೆದು ಅಂಚಿನಿಂದ ಹೊರಕ್ಕೆ ಎಸೆಯುತ್ತವೆ. ಹಾಗಾಗಿ ಒಳಬರುವ ವೆಂಟ್ ಪ್ರೈಮರಿಯ ನಡುವಿಗೆ ಎದುರಾಗಿ ಇದ್ದರೆ ಆ ಫ್ಯಾನ್ ತಾನೇ ತಂಪು ಗಾಳಿ ಎಳೆದುಕೊಳ್ಳುತ್ತದೆ. ಗಾಡಿ ನಿಧಾನ ಇದ್ದಾಗಲೂ ಕೆಲಸ ಮಾಡುವುದು ಇದೊಂದೇ, ಯಾಕೆಂದರೆ ದಪ್ಪ ಹಿಮದಲ್ಲಿ ಎದುರುಗಾಳಿ ಅಂತ ಹೆಚ್ಚೇನೂ ಇರುವುದಿಲ್ಲ. ಹೊರಹೋಗುವ ವೆಂಟ್ ಸೆಕೆಂಡರಿ ದಾಟಿ ಹಿಂದೆ, ಮೇಲ್ಗಡೆ ಇರಲಿ. ಬಿಸಿ ಗಾಳಿ ಹೇಗಿದ್ದರೂ ಮೇಲೇರುತ್ತದೆ, ಗಾಡಿ ನಿಂತಾಗಲೂ ಅಲ್ಲಿಂದ ಹೊರಟುಹೋಗುತ್ತದೆ. ಎರಡೂ ಪ್ಯಾನೆಲ್‌ನ ಮೇಲರ್ಧದಲ್ಲೇ ಇರಬೇಕು. ಕೆಳಗರ್ಧ ಸ್ಕಿಯಿಂದ ಹಾರುವ ಹಿಮದ ಜಾಗ.

ದೊಡ್ಡದಾಗಿ ಕತ್ತರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಗುರುತು ಹಾಕಿದ ಜಾಗದಲ್ಲಿ ಸಣ್ಣ ತೂತು ಕೊರೆದು ಅದರಲ್ಲಿ ಒಂದು ಗೇಣು ಉಲ್ಲನ್ ದಾರ ಸಡಿಲವಾಗಿ ಇಳಿಬಿಡಿ, ಅರ್ಧ ಒಳಗೆ, ಅರ್ಧ ಹೊರಗೆ, ಎರಡು ತುದಿಗೂ ಗಂಟು. ಸ್ನೇಹಿತರೊಬ್ಬರು ಪಕ್ಕದಲ್ಲಿ ದೂರ ಇಟ್ಟುಕೊಂಡು ಓಡಿಸುತ್ತಾ ನೋಡಲಿ. ದಾರ ಹೊರಕ್ಕೆ ಎಳೆದುಕೊಂಡರೆ ಅಲ್ಲಿ ಗಾಳಿ ಹೊರಡುತ್ತದೆ, ಒಳಗೆ ಸರಿದರೆ ಒಳಬರುತ್ತದೆ. ಕಣ್ಣಂದಾಜಿಗಿಂತ ದಾರವನ್ನು ನಂಬಿ. ಒಳಗಿನ ತುದಿ ಕ್ಲಚ್ ಗಾರ್ಡ್ (ಕ್ಲಚ್ ಮೇಲಿನ ರಕ್ಷಣೆಯ ಹೊದಿಕೆ) ಮುಟ್ಟದಷ್ಟು ಚಿಕ್ಕದಿರಬೇಕು, ಮರೆಯಬೇಡಿ.

ಅಳತೆ ವಿಷಯಕ್ಕೆ ಬಂದರೆ 60–75 ಮಿಲಿಮೀಟರ್‌ನ ಎರಡು ತೂತಿನಿಂದ ಶುರು ಮಾಡಿ. ಸಾಲದಿದ್ದರೆ ಮತ್ತೊಂದು ಸೇರಿಸಬಹುದು, ಜಾಸ್ತಿಯಾದರೆ ಮುಚ್ಚುವುದು ಕಷ್ಟ. ಪ್ಯಾನೆಲ್ ಬಿಚ್ಚಿ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಕತ್ತರಿಸಿ, ಚಳಿ ಹಿಡಿದ ಪ್ಲಾಸ್ಟಿಕ್ ಗಾಜಿನಂತೆ ಸೀಳುತ್ತದೆ. ಡ್ರಿಲ್‌ಗೆ ಹಾಕುವ ಗುಂಡಗಿನ ಗರಗಸ, ಅಂದರೆ ಹೋಲ್ ಸಾ, ಬಳಸಿ. ಚೌಕ ಕತ್ತರಿಸಿದರೆ ಮೂಲೆಯಿಂದ ಬಿರುಕು ಹೊರಡುತ್ತದೆ. ಲಾಚ್, ಬೋಲ್ಟ್, ಅಂಚು ಇವುಗಳಿಂದ ನಾಲ್ಕು ಬೆರಳು ದೂರ ಇರಿ. ಒಳಗಡೆ ಫೋಮ್ ಇದ್ದರೆ ಅದು ಸದ್ದು ತಗ್ಗಿಸಲು ಇಟ್ಟದ್ದು, ಬೇಕಾದಷ್ಟೇ ಕತ್ತರಿಸಿ ಅಂಚನ್ನು ಅಂಟಿಸಿಬಿಡಿ. ಬಿಡಿ ಚೂರು ಬೆಲ್ಟ್‌ಗೆ ಸಿಕ್ಕಬಾರದು.

ಮುಚ್ಚಲು ತಂತಿ ಜಾಲರಿ ಬೇಡ. ಸ್ನೋಮೊಬೈಲ್ ವೆಂಟ್‌ಗೆ ಅಂತಲೇ ನೀರು ಹಿಡಿಯದ, ಒತ್ತಾಗಿ ಹೆಣೆದ ಬಟ್ಟೆ ಬರುತ್ತದೆ. ಗಾಳಿ ಹೋಗುತ್ತದೆ, ಪುಡಿ ಹಿಮ ಉದುರಿಹೋಗುತ್ತದೆ. ಅದನ್ನು ಒಳಗಡೆಯಿಂದ ಬಿಗಿದು, ತೆಳು ಪ್ಲಾಸ್ಟಿಕ್ ಬಳೆಯೊಂದನ್ನು ಮೇಲಿಟ್ಟು ವಾಷರ್ ಹಾಕಿ ರಿವೆಟ್ ಹೊಡೆಯಿರಿ. ಬರೀ ಅಂಟು ಚಳಿಗೆ ಕಿತ್ತುಬರುತ್ತದೆ. ಬಟ್ಟೆ ಹಾಕಿದರೆ ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ಹೌದು. ಒಣ ಬೆಲ್ಟ್‌ಗೋಸ್ಕರ ಅಷ್ಟು ಬಿಟ್ಟುಕೊಡಿ. ಎಂಜಿನ್‌ಗೆ ಗಾಳಿ ಹೋಗುವ ಪೆಟ್ಟಿಗೆಯ ಬಾಯಿ ಆ ವೆಂಟ್ ಹತ್ತಿರವೇ ಇದ್ದರೆ ಜಾಗ ಬದಲಾಯಿಸಿ.

ಪ್ರಶ್ನೆ: ಕ್ಲಚ್ ಗಾರ್ಡ್ ತೆಗೆದುಬಿಟ್ಟರೆ ತಂಪಾಗುತ್ತದೆ ಅಂತ ಒಬ್ಬರು ಹೇಳಿದರು. ಪುಲ್ಲಿಗೆ ತೂತು ಕೊರೆದು, ಅಲ್ಯೂಮಿನಿಯಂ ರೆಕ್ಕೆ ರಿವೆಟ್ ಮಾಡಿದರೆ ಫ್ಯಾನ್ ಇನ್ನೂ ಜೋರಾಗಲ್ವಾ?

ದಯವಿಟ್ಟು ಎರಡನ್ನೂ ಮಾಡಬೇಡಿ. ಪ್ರೈಮರಿ ಸುಮಾರು 200 ಮಿಲಿಮೀಟರ್ ಅಡ್ಡಳತೆಯದ್ದು, 8000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ನೀವು ಹೊಡೆದ ರಿವೆಟ್ ಆ ವೇಗದಲ್ಲಿ ಬಿಟ್ಟುಕೊಂಡರೆ ಅದು ಗುಂಡು. ಅದು ಹಾರುವ ಸಾಲಿನಲ್ಲೇ ನಿಮ್ಮ ಕಾಲು ಇರುತ್ತದೆ. ತೂಕ ಕೆಲವೇ ಗ್ರಾಂ ಏರುಪೇರಾದರೂ ಕ್ರ್ಯಾಂಕ್ ಬೇರಿಂಗ್ ಹಾಳಾಗುತ್ತದೆ, ತೂತಿನ ಅಂಚಿನಿಂದ ಪುಲ್ಲಿ ಬಿರುಕು ಬಿಡಬಹುದು. ಗಾರ್ಡ್ ಇರುವುದೇ ಬೆಲ್ಟ್ ಹರಿದಾಗ ಅದರ ಚೂರನ್ನು ಹಿಡಿಯಲು, ಅದಕ್ಕೆ ತೂತು ಕೊರೆದು ದುರ್ಬಲ ಮಾಡುವುದೂ ಬೇಡ. ಪ್ಯಾನೆಲ್ ತೆರೆದು ಓಡಿಸಿ ನೋಡುತ್ತೇನೆ ಅನ್ನುವವರಿಗೂ ಇದೇ ಮಾತು. ಜಾಸ್ತಿ ರೆಕ್ಕೆ ಇರುವ ಪುಲ್ಲಿ ಬೇಕೇ ಬೇಕು ಅಂದರೆ ಕಾರ್ಖಾನೆಯಲ್ಲಿ ಬ್ಯಾಲೆನ್ಸ್ ಮಾಡಿದ್ದನ್ನು ತನ್ನಿ.

ಪ್ರಶ್ನೆ: ದೋಣಿಗಳಲ್ಲಿ ಹಾಕುವ 12 ವೋಲ್ಟ್ ಬ್ಲೋವರ್ ಫ್ಯಾನ್ ನನ್ನ ಹತ್ತಿರ ಇದೆ. ಅದನ್ನು ಪೈಪ್ ಮೂಲಕ ಕ್ಲಚ್‌ಗೆ ತಿರುಗಿಸಬಹುದಾ?

ತಿರುಗಿಸಬಹುದು, ಒಳ್ಳೆಯ ಯೋಚನೆಯೇ. ನಿಧಾನದ ಏರಿನಲ್ಲೂ, ಗಾಡಿ ನಿಂತಾಗಲೂ ಅದು ಬೀಸುತ್ತದೆ, ಅದೇ ಅದರ ಬೆಲೆ. 75 ಮಿಲಿಮೀಟರ್‌ನ ಸುರುಳಿ ಪೈಪನ್ನು ಬಾನೆಟ್ ಮೇಲ್ಭಾಗದ ವೆಂಟ್‌ನಿಂದ ಎಳೆದು, ತುದಿಯನ್ನು ಸೆಕೆಂಡರಿಯ ಮುಖಕ್ಕೆ ತೋರಿಸಿ ಕ್ಲಾಂಪ್ ಹಾಕಿ. ಕೇಬಲ್ ಟೈ ಒಂದನ್ನೇ ನಂಬಬೇಡಿ, ಪೈಪ್ ಬೆಲ್ಟ್‌ಗೆ ಬಿದ್ದರೆ ಎಲ್ಲ ಹಾಳು.

ಕರೆಂಟ್ ಎಲ್ಲಿಂದ ಅನ್ನುವುದು ಮುಖ್ಯ. ಇಂಥ ಬ್ಲೋವರ್ ಮೂರು ನಾಲ್ಕು ಆಂಪ್ ತಿನ್ನುತ್ತದೆ. ಕೈ ಬೆಚ್ಚಗಾಗಿಸುವ ಹ್ಯಾಂಡಲ್, ಹೆಡ್‌ಲೈಟ್ ಎಲ್ಲ ಹಚ್ಚಿದ ಮೇಲೆ ನಿಮ್ಮ ಗಾಡಿಯ ಸ್ಟೇಟರ್‌ನಲ್ಲಿ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಅಷ್ಟು ಉಳಿದಿದೆಯೇ ನೋಡಿ. ಬ್ಯಾಟರಿ ಇಲ್ಲದ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೆಯ ಗಾಡಿಗಳಲ್ಲಿ ಲೈಟ್‌ಗೆ ಬರುವುದು ಎಸಿ ಕರೆಂಟ್. ಈ ಫ್ಯಾನ್‌ಗೆ ಡಿಸಿ ಬೇಕು, ನಡುವೆ ರೆಕ್ಟಿಫೈಯರ್ ರೆಗ್ಯುಲೇಟರ್ ಇಲ್ಲದೆ ಆಗುವುದಿಲ್ಲ. ಫ್ಯೂಸ್, ರಿಲೇ ಎರಡೂ ಹಾಕಿ.

ಪ್ರಶ್ನೆ: ಸೈಲೆನ್ಸರ್ ಪೈಪ್‌ಗೆ ಶಾಖ ತಡೆಯುವ ಪಟ್ಟಿ ಸುತ್ತಿದರೆ ಕ್ಲಚ್‌ಗೆ ಅನುಕೂಲ ಆಗುತ್ತದಾ?

ಆಗುತ್ತದೆ, ಆದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಸುತ್ತಬೇಡಿ. ಆ ಉಬ್ಬಿದ ಪೈಪ್ ಒಳಗಿನ ಬಿಸಿಗೆ ತಕ್ಕಂತೆ ಒಂದು ಆರ್‌ಪಿಎಂಗೆ ಹೊಂದಿಕೊಂಡಿರುತ್ತದೆ. ಸುತ್ತಿದರೆ ಒಳಗಿನ ಬಿಸಿ ಏರುತ್ತದೆ, ಆ ಹೊಂದಾಣಿಕೆ ಕೆಡುತ್ತದೆ. ಪಟ್ಟಿ ನೀರು ಹಿಡಿದು ಪೈಪ್ ತುಕ್ಕು ಹಿಡಿಯುವುದೂ ಉಂಟು. ಬದಲಿಗೆ ಪೈಪ್‌ಗೂ ಕ್ಲಚ್‌ಗೂ ನಡುವೆ ತೆಳು ಅಲ್ಯೂಮಿನಿಯಂ ತಗಡು ನಿಲ್ಲಿಸಿ, ಎರಡು ಕಡೆಯೂ ಬೆರಳು ತೂರುವಷ್ಟು ಸಂದು ಬಿಡಿ. ಆ ಸಂದಿನಲ್ಲಿ ಗಾಳಿ ಹರಿಯಬೇಕು.

ಪ್ರಶ್ನೆ: ಕ್ಲಚ್‌ಗೆ ಕಪ್ಪು ಪೇಂಟ್ ಬಳಿದರೆ? ಬಿಸಿಯಾದಾಗ ಒಂದು ಹಿಡಿ ಹಿಮ ಎಸೆದರೆ?

ಪೇಂಟ್ ಬೇಡ. ಕ್ಲಚ್ ತಂಪಾಗುವುದು ಮುಖ್ಯವಾಗಿ ಗಾಳಿಯಿಂದ, ಬಣ್ಣದಿಂದ ಅಲ್ಲ. ಹಿಮ ಅಂತೂ ಬೇಡವೇ ಬೇಡ, ಬೆಲ್ಟ್ ಒದ್ದೆಯಾಗುತ್ತದೆ, ಬಿಸಿ ಲೋಹಕ್ಕೆ ಒಮ್ಮೆಲೇ ತಣ್ಣಗೆ ತಾಗಿಸುವುದೂ ಒಳ್ಳೆಯದಲ್ಲ.

ಪ್ರಶ್ನೆ: ದೊಡ್ಡ ಏರು ಹತ್ತಿದ ಮೇಲೆ ಎಂಜಿನ್ ಆಫ್ ಮಾಡಬೇಕಾ, ಹಾಗೇ ಆನ್ ಇಟ್ಟು ನಿಲ್ಲಿಸಬೇಕಾ? ಸ್ಪೇರ್ ಬೆಲ್ಟ್ ಎಲ್ಲಿ ಇಡಲಿ?

ಎರಡಕ್ಕಿಂತ ನಿಧಾನವಾಗಿ ಓಡಿಸುವುದೇ ಮೇಲು. ಆನ್ ಇಟ್ಟು ನಿಂತರೆ ಪ್ರೈಮರಿ ಮಾತ್ರ ತಿರುಗುತ್ತದೆ, ಸೆಕೆಂಡರಿಯೂ ಬೆಲ್ಟೂ ಸುಮ್ನೆ ನಿಂತಿರುತ್ತವೆ. ಅರ್ಧ ಥ್ರಾಟಲ್‌ಗಿಂತ ಕಡಿಮೆ ಇಟ್ಟು ಒಂದು ಕಿಲೋಮೀಟರ್ ಗಟ್ಟಿ ಹಿಮದ ಮೇಲೆ ಹೋದರೆ ಮೂರೂ ತಿರುಗುತ್ತಾ ತಂಪಾಗುತ್ತವೆ. ಜಾಗ ಇಲ್ಲದಿದ್ದರೆ ಆಫ್ ಮಾಡಿ, ಕೀ ತೆಗೆದು, ಪ್ಯಾನೆಲ್ ತೆರೆದಿಡಿ. ಹಿಮದಲ್ಲಿ ಹೂತುಹೋದಾಗ ಥ್ರಾಟಲ್ ಹಿಡಿದುಕೊಂಡೇ ಇರಬೇಡಿ. ಟ್ರ್ಯಾಕ್ ಅಲುಗಾಡದೆ ಪ್ರೈಮರಿ ಮಾತ್ರ ತಿರುಗಿದರೆ ಬೆಲ್ಟ್ ಒಂದೇ ಜಾಗದಲ್ಲಿ ಸುಡುತ್ತದೆ, ಅದಕ್ಕೆ ಕೆಲವು ಸೆಕೆಂಡ್ ಸಾಕು. ಇಳಿದು ಸಲಿಕೆ ಹಿಡಿಯಿರಿ.

ಸ್ಪೇರ್ ಬೆಲ್ಟನ್ನು ಸೈಲೆನ್ಸರ್ ಹತ್ತಿರ ತುರುಕಬೇಡಿ, ಬಿಗಿಯಾಗಿ ಮಡಚಬೇಡಿ, ಒಳಗಿನ ನೂಲು ಮುರಿಯುತ್ತದೆ. ಮನೆಯಲ್ಲೇ ಅದನ್ನು ಬಿಸಿನೀರು ಸೋಪಿನಲ್ಲಿ ತೊಳೆದು ಒಣಗಿಸಿ ಇಟ್ಟುಕೊಂಡಿರಿ, ಹೊಸ ಬೆಲ್ಟ್ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ. ಹಾಕುವಾಗ ಅಕ್ಷರಗಳು ನೇರ ಓದುವಂತೆ ಇರಲಿ, ಮೊದಲ 50 ಕಿಲೋಮೀಟರ್ ಪೂರ್ತಿ ಥ್ರಾಟಲ್ ಕೊಡಬೇಡಿ.